ಸವತಿಗೊಂದು ವಿಮೆ

ಮನೆಯಿಂದ, ಅಡುಗೆಮನೆಯ ಮೇಜು
ಗುರುವಾರ, ಅಕ್ಟೋಬರ್ ೧೫, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮನ ಸೊಂಟ ಹೇಗಿದೆ? ಕೋಲು ಹಿಡಿದು ಬಚ್ಚಲಿನವರೆಗೆ ಹೋಗುತ್ತಾರೆ ಎಂದು ಹೋದ ವಾರ ನೀನು ಹೇಳಿದ್ದೆ. ಈಗ ಮೆಟ್ಟಿಲಿಳಿಯುವ ಧೈರ್ಯ ಬಂತೇ? ಅವರನ್ನು ಎತ್ತಿ ಕೂರಿಸಿ ನಿನ್ನ ಬೆನ್ನು ಹಿಡಿದುಕೊಂಡಿರಬೇಕು. ನಿನ್ನ ಬೆನ್ನಿನ ಬಗ್ಗೆ ಕೇಳಿದರೆ ನೀನು ದೊಡ್ಡಮ್ಮನ ಸೊಂಟದ ಬಗ್ಗೆ ಹೇಳುತ್ತೀಯ ಎಂಬುದು ಗೊತ್ತು, ಆದರೂ ಕೇಳದೆ ಇರಲಾರೆ. ನಾನು ಚೆನ್ನಾಗಿದ್ದೇನೆ. ಟಾರ್ಪಾಲಿನ್ ಅಂಗಡಿಯಲ್ಲಿ ಕೆಲಸ ಕತ್ತಿನವರೆಗೆ ಇದೆ. ಚಳಿಗಾಲ ಬರುತ್ತಿದೆ ಎಂದರೆ ಎಲ್ಲರಿಗೂ ಒಂದೇ ಸಲ ದೋಣಿಯ ಹೊದಿಕೆ ನೆನಪಾಗುತ್ತದೆ. ಅಪ್ಪ ಹೊತ್ತುಹೊತ್ತಿಗೆ ಉಣ್ಣುತ್ತಾರೆ. ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ದಿನಾ ಮುಖದಲ್ಲೇ ಹೇಳುತ್ತಾರೆ, ಬಾಯಲ್ಲಿ ಹೇಳುವುದಿಲ್ಲ.

ಫೋನ್ ಇದ್ದೂ ಕಾಗದ ಬರೆಯುತ್ತಿದ್ದಾಳೆ ಎಂದರೆ ಏನೋ ಇದೆ ಎಂದು ನೀನು ಈಗಾಗಲೇ ಕಿಟಕಿಯ ಬೆಳಕಿಗೆ ಸರಿದು ಕೂತಿರುತ್ತೀಯ. ಇದೆ. ದೊಡ್ಡಮ್ಮನ ಕಿವಿ ಮಂದ, ಅಲ್ಲಿಯ ಫೋನ್ ಸದಾ ಸ್ಪೀಕರಿನಲ್ಲಿ. ಇಲ್ಲಿ ಅಪ್ಪ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ನಾಲ್ಕು ಜನ ಕೇಳುವಂತೆ ಹೇಳುವ ಮಾತಲ್ಲ ಇದು. ಮೊದಲೇ ಹೇಳಿಬಿಡುತ್ತೇನೆ, ಯಾರ ಜೀವಕ್ಕೂ ಏನೂ ಆಗಿಲ್ಲ. ಅದನ್ನು ಇನ್ನೊಂದು ಸಲ ಓದಿಕೊಂಡು ಮುಂದಕ್ಕೆ ಹೋಗು.

ವಿಷಯ ನಿನ್ನ ಸವತಿಯದು. ಅಪ್ಪನ ದೋಣಿಗೆ ನೀನಿಟ್ಟ ಆ ಹೆಸರು ಈಗ ಬಂದರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಹೋದ ತಿಂಗಳು ಬಂದರು ಕಚೇರಿಯವರು ಕಟ್ಟೆಯ ಬಾಗಿಲಿಗೆ ನೋಟೀಸು ಅಂಟಿಸಿದರು: ಅಕ್ಟೋಬರ್ ಒಂಬತ್ತರೊಳಗೆ ವಿಮೆ ಪತ್ರ ತೋರಿಸದ ದೋಣಿಗೆ ಕಟ್ಟುವ ಜಾಗ ಇಲ್ಲ. ಅಪ್ಪ ಓದಿಕೊಂಡು ಬಂದು ಸಲಕರಣೆ ಪೆಟ್ಟಿಗೆಯನ್ನು ದಡ್ ಎಂದು ನೆಲಕ್ಕಿಟ್ಟರು. “ಇಲ್ಲಿರೋ ಅರ್ಧ ದೋಣಿಗಳ ಎಂಜಿನ್ ನನ್ನ ಕೈಯಿಂದ ಓಡ್ತಿದೆ. ನನ್ನ ಹಗ್ಗ ಬಿಚ್ಚೋಕೆ ಯಾರು ಬರ್ತಾರೆ, ಬರಲಿ” ಅಂದರು. ಮೂರು ದಿನ ಆ ಹುರುಪು ಇತ್ತು. ನಾಲ್ಕನೆಯ ದಿನ ಸುಮ್ಮನಾದರು. ಆ ದೋಣಿ ಇಲ್ಲದಿದ್ದರೆ ನೀರಿನ ಮಧ್ಯೆ ನಿಂತಿರುವ ದೋಣಿಗಳ ಹತ್ತಿರ ಹೋಗುವುದು ಹೇಗೆ? ಅದು ಅವರ ಅಂಗಡಿ. ಅಂಗಡಿ ಮುಚ್ಚಿದರೆ ಅರವತ್ತಾರು ವರ್ಷದ ಮೇಸ್ತ್ರಿಯನ್ನು ಯಾರೂ ಮನೆಗೆ ಬಂದು ಹುಡುಕುವುದಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ವಿಮೆ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಮಧ್ಯಾಹ್ನದ ಬಿಡುವಿನಲ್ಲಿ, ಬಟ್ಟೆಯ ಸುರುಳಿಗಳ ಹಿಂದೆ ಕೂತು ಫೋನ್ ಮಾಡಿದೆ. ಮೊದಲನೆಯ ಕಂಪನಿಯವನು ದೋಣಿಗೆ ವಯಸ್ಸೆಷ್ಟು ಎಂದ, ಮೂವತ್ನಾಲ್ಕು ಅಂದೆ, ನಾನು ಎಲ್ಲಿಗೋ ಮಾಡಬೇಕಾದ ಫೋನನ್ನು ಅವನಿಗೆ ಮಾಡಿದ್ದೇನೆ ಎಂಬಂತೆ ಮಾತನಾಡಿದ. ಎರಡನೆಯವಳು ಯಾವುದರಿಂದ ಮಾಡಿದ್ದು ಎಂದಳು. ಪ್ಲೈವುಡ್, ಮೇಲೆ ಫೈಬರ್ ಅಂದೆ. “ನಾವು ಪ್ಲೈವುಡ್ ತಗೊಳ್ಳಲ್ಲ ಮೇಡಂ” ಅಂದಳು, ನಾನೇನೋ ಹಳೇ ಬಾಗಿಲು ಮಾರಲು ಹೋದವಳಂತೆ. ಮೂರನೆಯವರು ಒಳ್ಳೆಯವರು. ದೋಣಿಯನ್ನು ನೀರಿನಿಂದೆತ್ತಿ ತಪಾಸಣೆ ಮಾಡಿಸುವ ಖರ್ಚೇ ನಿಮ್ಮ ದೋಣಿಯ ಬೆಲೆ ಮೀರುತ್ತದೆ, ಸ್ವಲ್ಪ ಯೋಚನೆ ಮಾಡಿ ಎಂದರು. ಅಪ್ಪನಿಗೆ ಈ ಮಾತು ಹೇಳಲಿಲ್ಲ.

ನಾಲ್ಕನೆಯದು ಬ್ರೆಡ್ ಅಂಗಡಿಯ ಮೇಲಿನ ಸಣ್ಣ ಕಚೇರಿ. ಅಲ್ಲಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಹೆಂಗಸು, ನಿನ್ನ ವಯಸ್ಸಿನವರು. ಎಲ್ಲ ಕೇಳಿಸಿಕೊಂಡು ಹೇಳಿದರು, “ನಿಮ್ಮ ದೋಣಿಗೆ ವಿಮೆ ಕೊಡೋಕಾಗಲ್ಲ. ಅದು ಒಡೆದ್ರೆ, ಕಳುವಾದ್ರೆ ನಾವು ಏನೂ ಕೊಡಲ್ಲ. ನಿಮ್ಮ ದೋಣಿಯಿಂದ ಬೇರೆಯವರಿಗೆ ಏನಾದ್ರೂ ಆದ್ರೆ ಅದಕ್ಕೆ ಕೊಡ್ತೀವಿ. ಮುಳುಗಿದ್ರೆ ಎತ್ತಿಸೋದಕ್ಕೆ ಕೊಡ್ತೀವಿ. ಬಂದರಿನವರು ಕೇಳ್ತಿರೋದೂ ಅಷ್ಟೇ.” ಅಪ್ಪ ಮುಖ ಊದಿಸಿಕೊಂಡರು. “ಅಂದ್ರೆ ನನ್ನ ದೋಣಿಗೆ ಬೆಲೆ ಇಲ್ಲ, ಅದು ಗುದ್ದೋ ದೋಣಿಗೆ ಬೆಲೆ ಇದೆ.” ಆ ಹೆಂಗಸು ನಗಲಿಲ್ಲ. “ದೋಣಿಗಲ್ಲ ಯಜಮಾನ್ರೇ, ದೋಣಿಯಲ್ಲಿ ಇರೋರಿಗೆ” ಅಂದರು. ಆಮೇಲೆ ಅರ್ಜಿ ಕೊಟ್ಟು, ಇದರಲ್ಲಿ ಒಂದು ಉತ್ತರ ಸುಳ್ಳಾದರೂ ನಾಳೆ ವಿಮೆ ನಿಲ್ಲುವುದಿಲ್ಲ, ಬರೀ ಕಾಗದ ಆಗುತ್ತದೆ ಎಂದು ಎರಡು ಸಲ ಹೇಳಿದರು. ಸರ್ವೇಯರ್ ಬಂದು ನೋಡಿದ ಮೇಲೆ ಸಹಿ ಮಾಡಿ ತನ್ನಿ ಎಂದರು.

ಅರ್ಜಿಯನ್ನು ಇದೇ ಮೇಜಿನ ಮೇಲೆ ಬರೆದೆವು. ಅಪ್ಪ ಹೇಳಿದರು, ನಾನು ಬರೆದೆ. ಎಂಜಿನ್ ಬಗ್ಗೆ ಕೇಳಿದ ಕಡೆ ಜಾಗ ಸಾಲಲಿಲ್ಲ, ಹಾಳೆಯ ಅಂಚಿನಲ್ಲೆಲ್ಲ ಬರೆಸಿದರು. ದೋಣಿಯ ಈಗಿನ ಬೆಲೆ ಎಂಬ ಕಡೆ ಕಿಟಕಿಯ ಕಡೆ ಮುಖ ತಿರುಗಿಸಿ, “ಏನಾದ್ರೂ ಬರಿ” ಅಂದರು. ಹನ್ನೊಂದನೆಯ ಪ್ರಶ್ನೆ: ದೋಣಿ ನಡೆಸುವವರಿಗೆ ಕಣ್ಣು, ಕಿವಿ, ಹೃದಯಕ್ಕೆ ಸಂಬಂಧಿಸಿದ ತೊಂದರೆ ಇದೆಯೇ? ನಾನು ಪ್ರಶ್ನೆ ಓದಿ ಮುಗಿಸುವ ಮೊದಲೇ “ಇಲ್ಲ” ಅಂದರು. ನಾನು “ಇಲ್ಲ” ಎಂದು ಬರೆದೆ. ನನ್ನ ಕೈಬರಹ, ಅಮ್ಮಾ. ದುಂಡಗೆ, ಸ್ಪಷ್ಟವಾಗಿ.

ಸರ್ವೇಯರ್ ಬಂದದ್ದು ಹೋದ ಮಂಗಳವಾರದ ಹಿಂದಿನ ಮಂಗಳವಾರ, ಆರನೆಯ ತಾರೀಖು. ಉದ್ದನೆಯ, ಒಣಕಲು ಮನುಷ್ಯ. ಕೊಟ್ಟ ಚಹಾ ಮುಟ್ಟಲಿಲ್ಲ. ದೋಣಿಯನ್ನು ಮೇಲೆತ್ತಿ ಮರದ ಕಾಲುಗಳ ಮೇಲೆ ಕೂರಿಸಿದ್ದರು. ಅವರು ಸಣ್ಣ ಸುತ್ತಿಗೆ ಹಿಡಿದು ಅದರ ತಳವನ್ನು ಗೇಣು ಗೇಣಾಗಿ ಬಡಿಯುತ್ತ ಹೋದರು. ಟಕ್, ಟಕ್, ಟಕ್. ಗಟ್ಟಿ ಇದ್ದ ಕಡೆ ಒಂದು ಸದ್ದು, ಒಳಗೆ ನೀರು ಕುಡಿದ ಕಡೆ ಇನ್ನೊಂದು ಸದ್ದು ಬರುತ್ತದಂತೆ. ಅಪ್ಪ ಅವರ ಹಿಂದೆಯೇ ಕಿವಿ ಕೊಟ್ಟುಕೊಂಡು ನಡೆದರು. ಒಂದೂವರೆ ಗಂಟೆ. ಕೊನೆಗೆ ಸರ್ವೇಯರ್ ಸುತ್ತಿಗೆ ಜೇಬಿಗೆ ಹಾಕಿಕೊಂಡು, “ಹಿಂದಿನ ಮೂಲೇಲಿ ಅಂಗೈ ಅಗಲ ಮೆತ್ತಗಾಗಿದೆ, ಒಳಗಿನ ನೀರೆತ್ತೋ ಪಂಪು ಬದಲಾಯಿಸಬೇಕು. ಉಳಿದದ್ದು, ನಿಜ ಹೇಳ್ಬೇಕೂಂದ್ರೆ, ಹೊಸ ದೋಣಿಗಳಿಗಿಂತ ವಾಸಿ” ಅಂದರು. ಅಪ್ಪ ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ತಮ್ಮ ಮಗಳನ್ನು ಹೊಗಳಿದಂತೆ ತಲೆ ತಗ್ಗಿಸಿ ನಿಂತರು. ಅವರ ನಿಜವಾದ ಮಗಳು ಅಲ್ಲೇ ಹಗ್ಗ ಹಿಡಿದು ನಿಂತಿದ್ದಳು, ಇರಲಿ.

ಆಮೇಲೆ ನೀರಿಗಿಳಿಸಿ ಒಂದು ಸುತ್ತು ಓಡಿಸಿ ತೋರಿಸಬೇಕಿತ್ತು. ಅಪ್ಪ ಚುಕ್ಕಾಣಿ ಹಿಡಿದು ಹಿಂದೆ, ಸರ್ವೇಯರ್ ಅವರ ಎಡಕ್ಕೆ, ನಾನು ಮುಂದೆ. ಗಾಳಿ ಇರಲಿಲ್ಲ. ಹತ್ತೂವರೆಯ ಒಳ್ಳೆಯ ಬಿಸಿಲು. ಎಂಜಿನ್ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಹೊರಗೆ ಹೋಗಿ, ತಿರುಗಿಸಿ, ಎರಡು ಸಾಲು ದೋಣಿಗಳ ನಡುವಿನ ಓಣಿಯಲ್ಲಿ ನಿಧಾನವಾಗಿ ವಾಪಸು ಬರುತ್ತಿದ್ದೆವು. ಅಪ್ಪ ಎಂಜಿನ್ನಿನ ಪುರಾಣ ಹೇಳುತ್ತಿದ್ದರು. ಬಲಗಡೆ ಒಂದು ಬಿಳಿ ದೋಣಿಯ ಪಕ್ಕ ಕೇಸರಿ ಬಣ್ಣದ ಬಾವುಟ ಕಟ್ಟಿದ ತೇಲುಬುರುಡೆ ಕಾಣಿಸಿತು. ನೀರುನಾಯಿ ಅಲ್ಲಿ ಕೆಳಗಿದ್ದಾನೆ ಎಂದರ್ಥ. ನಿನಗೆ ಗೊತ್ತಲ್ಲ, ಮುಖಕ್ಕೆ ಗಾಜು ಕಟ್ಟಿಕೊಂಡು ನೀರಿನಲ್ಲಿ ಮುಳುಗಿ ದೋಣಿಗಳ ತಳ ತಿಕ್ಕುವವನು, ನಮ್ಮ ಮನೆಯ ಬಾವಿಯಿಂದ ನಿನ್ನ ಬಳೆ ತೆಗೆದುಕೊಟ್ಟವನು. ಬಾವುಟ ಕಂಡ ಕೂಡಲೇ ಅಪ್ಪ ಎಡಕ್ಕೆ ತಿರುಗಿಸುತ್ತಾರೆ ಎಂದು ನಾನು ನಿಶ್ಚಿಂತೆಯಿಂದ ಹಗ್ಗ ಸುತ್ತುತ್ತಿದ್ದೆ. ಅವರು ತಿರುಗಿಸಲಿಲ್ಲ. ಬಾವುಟ ಹತ್ತಿರ ಬಂತು. ಅವನ ತಲೆ ನೀರಿನಿಂದ ಮೇಲೆ ಬಂತು. ನಾನು “ಅಪ್ಪಾ, ಬಲಗಡೆ, ಬಲಗಡೆ” ಎಂದು ಕೂಗಿದೆ.

ಬಲಗಡೆ ಮನುಷ್ಯ ಇದ್ದಾನೆ ಎಂದು ನಾನು ಕೂಗಿದ್ದು. ಬಲಗಡೆಗೆ ತಿರುಗಿಸು ಎಂದು ಅಪ್ಪ ತಿಳಿದುಕೊಂಡರು. ದೋಣಿ ನೇರವಾಗಿ ಅವನ ಕಡೆಗೇ ಹೊರಳಿತು.

ಸರ್ವೇಯರ್ ಅಪ್ಪನ ಮೈಮೇಲೆ ಬಿದ್ದು ಗೇರಿನ ಕೋಲು ಎಳೆದರು. ಎಂಜಿನ್ ಓಡುತ್ತಿತ್ತು, ಆದರೆ ಕೆಳಗಿನ ಪಂಖ ನಿಂತಿತು. ಅದೊಂದು ಆಗದಿದ್ದರೆ ಈ ಕಾಗದವನ್ನು ನಾನು ಬೇರೆ ಥರ ಬರೆಯಬೇಕಿತ್ತು. ಧಪ್ ಎಂಬ ಸದ್ದು. ದೊಡ್ಡ ಸದ್ದಲ್ಲ, ಹಿಟ್ಟಿನ ಮೂಟೆ ಇಳಿಸಿದ ಹಾಗೆ. ನೀರುನಾಯಿ ಕಾಣಲಿಲ್ಲ. ನಾನು ಬದಿಯ ಮೇಲೆ ಬಗ್ಗಿ ನೀರು ನೋಡಿದೆ. ಹಸಿರು ನೀರು, ಗುಳ್ಳೆ, ಮತ್ತೇನಿಲ್ಲ. ಎಷ್ಟು ಹೊತ್ತು ಎಂದು ಕೇಳಬೇಡ. ಆಮೇಲೆ ಅವನ ಕೈ ನಮ್ಮ ದೋಣಿಯ ಅಂಚು ಹಿಡಿಯಿತು. ಒಂದೇ ಕೈ. ಇನ್ನೊಂದು ತೋಳಿನಿಂದ ರಕ್ತ ಇಳಿಯುತ್ತಿತ್ತು. ಸರ್ವೇಯರೂ ನಾನೂ ಅವನನ್ನು ಮೇಲಕ್ಕೆಳೆದುಕೊಂಡೆವು. ನನ್ನ ಮೇಲಂಗಿ ಬಿಚ್ಚಿ ತೋಳಿಗೆ ಬಿಗಿದೆ. ಅಪ್ಪ ಚುಕ್ಕಾಣಿ ಬಿಟ್ಟಿರಲಿಲ್ಲ. “ಎಲ್ಲಿದ್ದ, ಎಲ್ಲಿದ್ದ ಅವನು” ಎಂದು ಅದನ್ನೇ ಅನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಎಂಟು ಹೊಲಿಗೆ ಹಾಕಿದರು. ಭುಜದ ಮೂಳೆ ಬಿರುಕು ಬಿಟ್ಟಿದೆ. ಆರು ವಾರ ನೀರಿಗಿಳಿಯುವಂತಿಲ್ಲ. ಹೊರಗಿನ ಬೆಂಚಿನ ಮೇಲೆ ಅಪ್ಪ ಅವನಿಗೆ ಹೇಳಿದರು, “ಗೇರಿನ ವಯರು ಸಿಕ್ಕಿಕೊಳ್ತು ಕಣೋ.” ಅವನು ನೋವಿನಲ್ಲೂ ತಲೆಯಾಡಿಸಿದ. “ಯಂತ್ರ ಅಂದ್ಮೇಲೆ ಆಗತ್ತೆ ಮೇಸ್ತ್ರಿ, ನೀವು ಮನಸ್ಸಿಗೆ ಹಚ್ಕೋಬೇಡಿ” ಎಂದ. ಅಮ್ಮಾ, ಅಪ್ಪ ಎಂದಾದರೂ ತಮ್ಮ ಎಂಜಿನ್ನಿನ ಮೇಲೆ ತಪ್ಪು ಹೊರಿಸಿದ್ದನ್ನು ನೀನು ಕೇಳಿದ್ದೀಯಾ? ಮಳೆಯ ಮೇಲೆ ಹೊರಿಸಿದ್ದಾರೆ, ಸರ್ಕಾರದ ಮೇಲೆ, ನಿನ್ನ ತಮ್ಮನ ಮೇಲೆ, ನನ್ನ ಮೇಲೆ. ಎಂಜಿನ್ ಮೇಲೆ ಯಾವತ್ತೂ ಇಲ್ಲ. ಆ ಮಾತು ಕೇಳಿದಾಗಲೇ ನನಗೆ ಅನುಮಾನ ಬಂದದ್ದು.

ಸರ್ವೇಯರ್ ಕಟ್ಟೆಯ ಮೇಲೆ ಕಾಯುತ್ತಿದ್ದರು. ಅಪ್ಪ ಬಂದು ಅವರೆದುರು ನಿಂತು ವಯರಿನ ಕಥೆ ಮತ್ತೆ ಶುರುಮಾಡಿದರು. ಸರ್ವೇಯರ್ ಕೇಳುತ್ತ ಕೇಳುತ್ತ, ತಮ್ಮ ಪೆನ್ನನ್ನು ಅಪ್ಪನ ಬಲಗಿವಿಯ ಪಕ್ಕ, ಮೊಳ ದೂರದಲ್ಲಿ ಎತ್ತಿ ಹಿಡಿದರು. ನಿಧಾನವಾಗಿ ಮುಂದಕ್ಕೆ ತಂದರು. ಅಪ್ಪ ಮಾತನಾಡುತ್ತಲೇ ಇದ್ದರು. ಪೆನ್ನು ಅವರ ಕೆನ್ನೆ ದಾಟಿತು, ಮೂಗಿನ ನೇರಕ್ಕೆ ಬಂದಾಗ ಅಪ್ಪ ಬೆಚ್ಚಿ ತಲೆ ಹಿಂದಕ್ಕೆಳೆದುಕೊಂಡರು. ಸರ್ವೇಯರ್ ಪೆನ್ನಿಗೆ ಮುಚ್ಚಳ ಹಾಕಿ, “ನಾನು ಬಂದಿರೋದು ದೋಣಿ ನೋಡೋದಕ್ಕೆ. ದೋಣಿ ಚೆನ್ನಾಗಿದೆ, ಹಾಗೇ ಬರೀತೀನಿ. ಆದ್ರೆ ಗೇರಿನ ವಯರು ಸಿಕ್ಕಿಕೊಂಡಿತ್ತು ಅಂತ ಬರೆಯಲ್ಲ. ಅರ್ಜಿ ಇನ್ನೂ ನಿಮ್ಮ ಕೈಯಲ್ಲೇ ಇದೆ. ಶುಕ್ರವಾರದವರೆಗೂ ಟೈಮಿದೆ” ಎಂದು ನನ್ನ ಮುಖ ನೋಡಿ ಹೊರಟುಹೋದರು.

ಆಗ ನನಗೆ ನೀನು ಕಂಡೆ. ದೋಣಿಯಲ್ಲಿ ನೀನು ಯಾವಾಗಲೂ ಅಪ್ಪನ ಬಲಗಡೆಯ ಹಲಗೆಯ ಮೇಲೇ ಕೂರುತ್ತಿದ್ದೆ. ಬಿಸಿಲು ಆ ಕಡೆ ಇದ್ದರೂ ಅಲ್ಲೇ. ಬೀದಿಯಲ್ಲೂ ಅವರ ಬಲಕ್ಕೇ ನಡೆಯುತ್ತಿದ್ದೆ, ಚಹಾ ಲೋಟವನ್ನು ಎಡಕ್ಕೇ ಇಡುತ್ತಿದ್ದೆ. ಸವತಿಯನ್ನು ಕಂಡರಾಗದವಳು ಈ ಎರಡು ವರ್ಷ ದಿನಾ ಬೆಳಿಗ್ಗೆ ಅವರ ಜೊತೆ ದೋಣಿ ಹತ್ತುತ್ತಿದ್ದುದನ್ನು ಕಂಡು, ವಯಸ್ಸಾದ ಮೇಲೆ ಅಪ್ಪ ಅಮ್ಮನಿಗೆ ಪ್ರೀತಿ ಜಾಸ್ತಿಯಾಗಿದೆ ಎಂದು ನಾನು ಅಂಗಡಿಯಲ್ಲಿ ಹೇಳಿಕೊಂಡು ನಕ್ಕಿದ್ದೆ. ಮನೆಗೆ ಬಂದು ಕೇಳಿದೆ, “ಅಪ್ಪಾ, ಯಾವಾಗಿನಿಂದ?” ಅವರು ಕೈ ತೊಳೆಯುತ್ತಿದ್ದರು. ತಿರುಗಲಿಲ್ಲ. “ನಿಮ್ಮಮ್ಮನಿಗೆ ಗೊತ್ತು” ಅಂದರು. ಅಷ್ಟೆ.

ನಿನ್ನ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನನಗೂ ಒಂದು ಮಾತು ಹೇಳಿದ್ದರೆ ನಾನು ಬಲಗಡೆ ಎಂದು ಕೂಗುತ್ತಿದ್ದೆನಾ? ನೀನು ಬರುವವರೆಗೆ ದೋಣಿ ಮುಟ್ಟುವುದಿಲ್ಲ ಎಂದು ಅವರು ನಿನಗೆ ಮಾತು ಕೊಟ್ಟಿದ್ದರಂತೆ. ಅದನ್ನು ಆಮೇಲೆ ಹೇಳಿದರು. ನೀನು ಹೋದ ಮರುವಾರವೇ ಮುಟ್ಟಿದ್ದರು. ಮೂರು ತಿಂಗಳು ಹೀಗೆ ಓಡಾಡಿದ್ದಾರೆ, ಬಲಗಡೆಯ ಪ್ರಪಂಚ ಇಲ್ಲದೆ. ನಾನು ದಿನಾ ಸಂಜೆ ಕಟ್ಟೆಗೆ ಹೋಗಿ ಕೈಬೀಸಿದ್ದೇನೆ. ಕೆಲವು ಸಲ ಅವರು ಕೈಬೀಸದೆ ಹೋದಾಗ ದಣಿದಿದ್ದಾರೆ ಅಂದುಕೊಂಡಿದ್ದೇನೆ.

ಮರುದಿನವೆಲ್ಲ ಮನೆಯಲ್ಲಿ ಮಾತಿಲ್ಲ. ಅರ್ಜಿ ಈ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ. ಅವರು ಒಂದು ಸಲವೂ ಅದರ ಕಡೆ ನೋಡಲಿಲ್ಲ. ನಾನು ಅದನ್ನು ಬಿಟ್ಟು ಬೇರೆ ಕಡೆ ನೋಡಲಿಲ್ಲ. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, “ನಾನು ಬರೆದಿದ್ದನ್ನ ನಾನೇ ಹೊಡೆದುಹಾಕ್ತೀನಿ.” ಅಪ್ಪ ಮೊದಲ ಸಲ ನನ್ನ ಕಡೆಗೆ ತಟ್ಟೆ ತಳ್ಳಿದರು. “ಹೊಡೆದುಹಾಕು. ಅದರ ಜೊತೆ ನನ್ನನ್ನೂ ಹೊಡೆದುಹಾಕು. ನಾಳೆಯಿಂದ ಕಿಟಕಿ ಹತ್ರ ಕೂತ್ಕೊಂಡು ಬಸ್ಸು ಎಣಿಸ್ತೀನಿ.” ನನಗೆ ಅಳು ಬಂತು, ಆದರೆ ಅವರೆದುರು ಅಳಲಿಲ್ಲ. “ನೀವು ನನ್ನ ಕೈಯಲ್ಲಿ ಸುಳ್ಳು ಬರೆಸಿದ್ರಿ” ಅಂದೆ.

ಗುರುವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, “ಬಾ, ಹೋಗಿ ಬರೋಣ” ಅಂದರು. ಎಲ್ಲಿಗೆ ಎಂದು ಹೇಳಲಿಲ್ಲ. ನೀರುನಾಯಿಯ ಮನೆಗೆ. ಎರಡು ಕೋಣೆಯ ಮನೆ, ಕಿಟಕಿಯಲ್ಲಿ ಅವನ ರಬ್ಬರ್ ಬಟ್ಟೆ ಒಣಗುತ್ತಿತ್ತು, ಒಂದು ತೋಳು ಹರಿದಿತ್ತು. ಅವನ ಹೆಂಡತಿ ಚಹಾ ಬಗ್ಗಿಸುತ್ತಿದ್ದಳು. ಅಪ್ಪ ಕೂರಲಿಲ್ಲ. ನಿಂತೇ ಹೇಳಿದರು, “ವಯರು ಸಿಕ್ಕಿಕೊಂಡಿರಲಿಲ್ಲ. ನನ್ನ ಬಲಗಣ್ಣು ಕಾಣಲ್ಲ. ಎರಡು ವರ್ಷ ಆಯ್ತು.” ಅವಳ ಕೈಯಲ್ಲಿ ಚಹಾ ಪಾತ್ರೆ ಹಾಗೇ ನಿಂತಿತು. “ಗೊತ್ತಿದ್ದೂ ನಡೆಸಿದ್ರಾ?” ಎಂದು ಕೇಳಿದಳು. ಅಪ್ಪ, “ಹೌದಮ್ಮಾ” ಅಂದರು. ಅವಳು ಪಾತ್ರೆ ಕೆಳಗಿಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದಾಯಿತು.

ನೀರುನಾಯಿ ಆ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ನೆಲ ನೋಡಿಕೊಂಡು ಹೇಳಿದ, “ನೀರಿನ ಕೆಳಗೆ ನನಗೆ ಕಣ್ಣು ಕಾಣೋದು ಕಮ್ಮಿ ಮೇಸ್ತ್ರಿ. ಕಿವೀನೇ ಎಲ್ಲ. ಪ್ರತಿ ಎಂಜಿನ್ ಸದ್ದೂ ಗೊತ್ತು. ಬೇರೆಯವರದು ಕೇಳಿದ್ರೆ ನಾನು ತಿಕ್ತಿರೋ ದೋಣಿಯ ಬುಡಕ್ಕೆ ಸರಿದು ನಿಲ್ತೀನಿ. ನಿಮ್ಮದು ಕೇಳಿದ್ರೆ ಕೆಲಸ ಮುಂದುವರಿಸ್ತಿದ್ದೆ. ಅವತ್ತೂ ಅದಕ್ಕೇ ಮೇಲೆ ಬಂದೆ, ಮಾತಾಡಿಸೋಣ ಅಂತ.” ಕ್ಷಮಿಸು ಎಂಬ ಮಾತನ್ನು ಅವರು ಆಡಿದರೋ ಇಲ್ಲವೋ ನನಗೆ ಕೇಳಿಸಲಿಲ್ಲ. ಅವನು ಪರವಾಗಿಲ್ಲ ಎಂದೂ ಅನ್ನಲಿಲ್ಲ. ನಾವು ಹೊರಟೆವು. ಅವನ ಆರು ವಾರದ ಹೊಣೆ ನಮ್ಮದು ಎಂದು ಅಪ್ಪ ಬಾಗಿಲಲ್ಲಿ ಹೇಳಿದರು, ಅವನು ಬೇಡ ಅನ್ನಲಿಲ್ಲ, ಅದು ಸರಿಯೇ. ಆಗಿನ್ನೂ ವಿಮೆ ಇರಲಿಲ್ಲವಲ್ಲ, ಯಾರ ಕಡೆ ಕೈ ತೋರಿಸಲು ಬರುತ್ತದೆ? ಅವನ ಹೆಂಡತಿ ಈಗಲೂ ನನ್ನನ್ನು ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಾಳೆ.

ಶುಕ್ರವಾರ ಅಪ್ಪನೇ ಉಪ್ಪಿನ ಡಬ್ಬಿ ಸರಿಸಿ ಅರ್ಜಿ ತೆಗೆದರು. ನನ್ನ “ಇಲ್ಲ” ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಸೊಟ್ಟ ಅಕ್ಷರದಲ್ಲಿ “ಇದೆ. ಬಲಗಣ್ಣು. ಆರನೆಯ ತಾರೀಖು ಇದರಿಂದಲೇ ಒಬ್ಬರಿಗೆ ಪೆಟ್ಟಾಯಿತು” ಎಂದು ಬರೆದರು. ಬ್ರೆಡ್ ಅಂಗಡಿಯ ಮೇಲಿನ ಹೆಂಗಸು ಅದನ್ನು ಓದಿ ಪೆನ್ಸಿಲ್ಲನ್ನು ಕೂದಲಿನಿಂದ ತೆಗೆದು ಮೇಜಿನ ಮೇಲಿಟ್ಟರು. ಹೋಯಿತು ಅಂದುಕೊಂಡೆ. ಅವರು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಗೋಡೆಯ ಆಚೆಯಿಂದ ಒಂದೊಂದೇ ಮಾತು ಕೇಳುತ್ತಿತ್ತು, ಹಳೇದು, ಒಪ್ಪಿಕೊಂಡಿದ್ದಾರೆ, ಮಗಳು. ಅಪ್ಪ ಮೊಣಕಾಲ ಮೇಲೆ ಕೈಯೂರಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಕೂತಿದ್ದರು. ಹೊರಗೆ ಬಂದು ಆಕೆ ಹೇಳಿದ್ದು ಮೂರು ಮಾತು. ಅಪ್ಪ ಇನ್ನು ಚುಕ್ಕಾಣಿ ಮುಟ್ಟುವಂತಿಲ್ಲ. ಕಣ್ಣಿನ ಡಾಕ್ಟರ ಚೀಟಿ ಬೇಕು. ದೋಣಿ ನಡೆಸುವವರು ಬೇರೆ ಯಾರಾದರೂ ಇದ್ದು, ಬಂದರಿನ ಪರೀಕ್ಷೆ ಪಾಸಾದರೆ ಅವರ ಹೆಸರಿನಲ್ಲಿ ವಿಮೆ ಕೊಡಬಹುದು. ಬಂದರು ಕಚೇರಿಗೂ ಅವರೇ ಹೇಳಿ ಒಂದು ವಾರ ಕೇಳಿಕೊಟ್ಟರು. “ಯಾರಿದ್ದಾರೆ?” ಎಂದರು. ಅಪ್ಪ ನನ್ನ ಕಡೆ ತಿರುಗಿದರು. ಪೂರ್ತಿ ತಿರುಗಿದರು, ಎಡಗಣ್ಣಿಗೆ ನಾನು ಕಾಣಬೇಕಲ್ಲ.

ಹುಟ್ಟಿದಾಗಿನಿಂದ ಆ ದೋಣಿಯಲ್ಲಿ ಕೂತಿದ್ದೇನೆ, ಒಂದು ದಿನವೂ ಅಪ್ಪ ಚುಕ್ಕಾಣಿ ಕೊಟ್ಟಿರಲಿಲ್ಲ. ಶನಿವಾರ, ಭಾನುವಾರ ಕೊಟ್ಟರು. ಮುಂದೆ ಕೂತು ಅವರು ಬೈದದ್ದನ್ನು ಬರೆದರೆ ಅಂಚೆಯವರು ಈ ಲಕೋಟೆ ಮುಟ್ಟುವುದಿಲ್ಲ. ಒಂದು ಮಾತು ಮಾತ್ರ ಅವರೇ ನಿಯಮ ಮಾಡಿದರು: ದೋಣಿಯಲ್ಲಿ ಇನ್ನು ಯಾರೂ ಬಲ, ಎಡ ಎಂದು ಕೂಗಬಾರದು. “ನಿಲ್ಲು” ಅನ್ನಬೇಕು, ಇಲ್ಲವೇ ಕೈ ತೋರಿಸಬೇಕು. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಒಳಗೊಳಗೇ ಹೊತ್ತುಕೊಂಡು ತಿರುಗುತ್ತಿದ್ದ ಭಾರ ಏನು ಎಂದು ಅವರಿಗೆ ಗೊತ್ತಾಗಿದೆ ಎಂಬುದು ನನಗೆ ಆಗ ತಿಳಿಯಿತು.

ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ಅಪ್ಪ ಹೇಳಿಕೊಟ್ಟಂತೆ ಬರೆಯುತ್ತೇನೆ: ಎಲ್ಲ ಇದ್ದ ಹಾಗೇ ಇದೆ, ಚಿಂತೆಗೆ ಕಾರಣವಿಲ್ಲ. ಮಂಗಳವಾರ ಪರೀಕ್ಷೆ. ಬಂದರಿನ ಅಧಿಕಾರಿ ನನ್ನ ಪಕ್ಕ ಕೂತು ಅದೇ ಓಣಿಯಲ್ಲಿ ಹೋಗಿ ಬಾ ಎಂದರು. ಅಪ್ಪ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದರು. ಬಿಳಿ ದೋಣಿ ಹತ್ತಿರ ಬಂತು. ಅಲ್ಲಿ ಯಾರೂ ಇರಲಿಲ್ಲ, ಬಾವುಟವೂ ಇರಲಿಲ್ಲ, ಆದರೂ ನಾನು ಎಂಜಿನ್ ಇಳಿಸಿ, ನಿಲ್ಲಿಸಿ, ಸುತ್ತ ನೋಡಿ ಮುಂದೆ ಹೋದೆ. ಅಧಿಕಾರಿ ಯಾಕೆ ನಿಲ್ಲಿಸಿದೆ ಎಂದು ಕೇಳಲಿಲ್ಲ. ಕಟ್ಟುವಾಗ ಒಂದು ಸಲ ಕಂಬಕ್ಕೆ ಉಜ್ಜಿಸಿದೆ. ಪಾಸು ಮಾಡಿದರು. ನಿನ್ನೆ ಸಂಜೆ ವಿಮೆ ಪತ್ರ ಬಂತು. ದೋಣಿಯ ಬೆಲೆ ಎಂಬ ಕಡೆ ಒಂದು ಅಡ್ಡಗೆರೆ ಎಳೆದಿದ್ದಾರೆ. ಅಪ್ಪ ಆ ಗೆರೆಯನ್ನು ಬೆರಳಿನಿಂದ ಸವರಿ, ಪತ್ರ ಮಡಿಸಿ ನನ್ನ ಕೈಗೆ ಕೊಟ್ಟರು. ಇವತ್ತಿನಿಂದ ಬೆಳಿಗ್ಗೆ ಏಳಕ್ಕೆ ನಾನು ಅವರನ್ನು ಕೆಲಸವಿರುವ ದೋಣಿಗೆ ಬಿಟ್ಟು ಅಂಗಡಿಗೆ ಹೋಗಬೇಕು, ಸಂಜೆ ಕರೆತರಬೇಕು. ಇವತ್ತು ಬಿಟ್ಟು ಬರುವಾಗ “ಹುಷಾರು” ಅಂದರು. ದೋಣಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅಂಗಡಿಗೆ ಒಂದು ಗಂಟೆ ತಡವಾಗಿದೆ, ಒಡತಿಗೆ ಹೇಳಿದ್ದೇನೆ. ಸಂಜೆ ಅಪ್ಪ ಬಂದು ಓದಿದ ಮೇಲೆಯೇ ಲಕೋಟೆ ಮುಚ್ಚಬೇಕೆಂದು ಅಪ್ಪಣೆಯಾಗಿದೆ. ಓದಲಿ, ನಾನು ಮುಚ್ಚಿಟ್ಟು ಬರೆದದ್ದು ಏನೂ ಇಲ್ಲ. ನಿನ್ನ ಮೇಲಿನ ಸಿಟ್ಟು ಬರೆಯುತ್ತ ಬರೆಯುತ್ತ ಅರ್ಧ ಇಳಿದಿದೆ. ಉಳಿದರ್ಧ ನೀನು ಬಂದಾಗ ಮುಖಾಮುಖಿ ತೀರಿಸಿಕೊಳ್ಳುತ್ತೇನೆ. ದೊಡ್ಡಮ್ಮನ ಕಾಲು ಮುಟ್ಟಿದೆನೆಂದು ಹೇಳು, ಅವಸರಪಟ್ಟು ಮೆಟ್ಟಿಲು ಇಳಿಯಬಾರದೆಂದೂ ಹೇಳು. ನಿನ್ನ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಅಪ್ಪ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿಲ್ಲ, ಆದರೆ ಕೇಳುತ್ತಲೇ ಇರುತ್ತಾರೆ.

ನಿನ್ನ ಮಡಿಲಿನ ನೆನಪಿನಲ್ಲಿ,
ನಿನ್ನ ಮಗಳು

ತಾ.ಕ: ಅಂಚೆ ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಗಾಡಿ ಬರುವ ಹೊತ್ತಾಯಿತು. ಮೇಲಿನದೆಲ್ಲ ಅಪ್ಪ ಓದಿದ್ದಾರೆ, ಇದನ್ನು ಓದಿಲ್ಲ. ಎಲ್ಲ ಇದ್ದ ಹಾಗೆ ಇಲ್ಲ ಅಮ್ಮಾ. ಎಡಗಣ್ಣಿಗೂ ಶುರುವಾಗಿದೆ. ನೀನು ಹೋದ ದಿನದಿಂದ ಅಪ್ಪ ಕಣ್ಣಿಗೆ ಹನಿ ಹಾಕಿಕೊಂಡಿಲ್ಲ. ಕೈ ನಡುಗಿ ತಾವೇ ಹಾಕಿಕೊಳ್ಳಲು ಬರುವುದಿಲ್ಲ, ನನ್ನನ್ನು ಕೇಳಿದರೆ ನನಗೆ ಗೊತ್ತಾಗುತ್ತದೆ ಎಂದು ಕೇಳಲಿಲ್ಲ. ಫೋನಿನಲ್ಲಿ ನಿನಗೆ ಹಾಕ್ಕೊಂಡೆ, ಹಾಕ್ಕೊಂಡೆ ಎಂದದ್ದೆಲ್ಲ ಸುಳ್ಳು. ಹೋದದ್ದು ಬರುವುದಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳಿ, ದಿನಕ್ಕೆರಡು ಸಲ, ಒಂದು ದಿನವೂ ತಪ್ಪದೆ ಎಂದಿದ್ದಾರೆ ಡಾಕ್ಟರು. ನಿನ್ನ ಅಕ್ಕನಿಗೆ ನೀನು ಬೇಕು, ನಿನಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು, ಅದನ್ನು ಈಗ ಮುರಿಯುತ್ತಿದ್ದೇನೆ. ದೊಡ್ಡಮ್ಮನನ್ನೂ ಕರೆದುಕೊಂಡು ಬಾ, ಮುಂದಿನ ಕೋಣೆ ಖಾಲಿ ಮಾಡಿದ್ದೇನೆ. ನಾನು ಹನಿ ಹಾಕಲು ಹೋದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ. ನೀನು ಹಾಕಿದರೆ ತೆರೆಯುತ್ತಾರೆ.